ಹಳೆ ಬಿಲ್ ಬುಕ್ಕು ಮತ್ತು ನಮ್ಮ ಖಾರದ ಹೆಸರು

ನಮ್ಮ ಮನೆಯ ಮಸಾಲಿ ಖಾರದ ಹೆಸರಿಗೆ ಟ್ರೇಡ್‌ಮಾರ್ಕ್, ಅಂದರೆ ಈ ಹೆಸರು ನಮ್ಮದೇ ಅನ್ನುವ ಸರ್ಕಾರಿ ನೋಂದಣಿ, ಸಿಗಲು ನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಒಂದೂವರೆ ವರ್ಷ ಸುಮ್ನೆ ಹಾಳಾಯಿತು. ಕಲಬುರಗಿಯಲ್ಲಿ ಮನೆಯಲ್ಲೇ ಖಾರ, ಹಿಂಡಿ (ಚಟ್ನಿ ಪುಡಿ), ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಈಗ ಓಣಿಗೊಬ್ಬರು ಸಿಗುತ್ತಾರೆ. ಅವರಲ್ಲಿ ನಾಲ್ಕೈದು ಜನ ನನಗೆ ಫೋನ್ ಮಾಡಿ ಇದೇ ವಿಷಯ ಕೇಳಿದರು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ನಮ್ಮ ಖಾರದ ಹೆಸರನ್ನು ಮಾತ್ರ ಇಲ್ಲಿ ಹಾಕುವುದಿಲ್ಲ, ಓದುವವರಿಗೆ ಇದು ಜಾಹೀರಾತು ಅನ್ನಿಸಬಾರದು.

ಶುರುವಾಗಿದ್ದು 2014ರಲ್ಲಿ. ನಮ್ಮ ಅತ್ತಿ (ಅತ್ತೆ) ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ವರ್ಷಕ್ಕಾಗುವಷ್ಟು ಖಾರ ಕುಟ್ಟಿಸುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಕಾಳು, ಒಣ ಕೊಬ್ಬರಿ, ಲವಂಗ, ಕಲ್ಲು ಹೂ ಎಲ್ಲವನ್ನೂ ತಾವೇ ಹುರಿಯುತ್ತಿದ್ದರು. ಬೇರೆಯವರ ಕೈಗೆ ಸೌಟು ಕೊಡುತ್ತಿರಲಿಲ್ಲ. ಆ ವರ್ಷ ಅಕ್ಕಪಕ್ಕದವರು ಕೇಳಿದರು ಅಂತ ಹತ್ತು ಕೆ.ಜಿ. ಜಾಸ್ತಿ ಮಾಡಿದೆವು. ಹದಿನೈದು ದಿನದಲ್ಲಿ ಖಾಲಿಯಾಯಿತು. ಮುಂದಿನ ವರ್ಷ ಪ್ಯಾಕೆಟ್ ಮಾಡಿಸಿದೆವು, ಮೇಲೆ ದೊಡ್ಡಕ್ಷರದಲ್ಲಿ ‘ಕಲಬುರಗಿ ಮಸಾಲಿ ಖಾರ’ ಅಂತ ಹಾಕಿಸಿದೆವು. ಮತ್ತೇನು ಹೆಸರಿಡಬೇಕು ಅಂತ ನಮಗೆ ಹೊಳೆಯಲೂ ಇಲ್ಲ. ಊರು ಕಲಬುರಗಿ, ಮಾರುವುದು ಖಾರ, ಅಷ್ಟೇ ಅಲ್ವಾ?

2016ರಲ್ಲಿ ಬಿಲ್ ಬುಕ್ ಪ್ರಿಂಟ್ ಹಾಕಿಸಲು ಹೋದಾಗ ಪ್ರೆಸ್ಸಿನವರು ಅಂಗಡಿ ಹೆಸರು ಏನ್ರಿ ಅಂತ ಕೇಳಿದರು. ನಮಗೆ ಅಂಗಡಿಯೇ ಇರಲಿಲ್ಲ. ಅತ್ತಿಯನ್ನು ತವರಿನಲ್ಲಿ ಎಲ್ಲರೂ ಒಂದು ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಯಾವ ಅರ್ಥವೂ ಇಲ್ಲದ ಹೆಸರು, ಚಿಕ್ಕಂದಿನಲ್ಲಿ ಯಾರೋ ಮುದ್ದಿಗೆ ಕರೆದದ್ದು ಹಾಗೇ ಉಳಿದುಬಿಟ್ಟಿತ್ತು. ಓಣಿಯವರೂ ಅಷ್ಟೊತ್ತಿಗೆ ಆ ಹೆಸರು ಹಿಡಿದೇ ಖಾರ ಕೇಳುತ್ತಿದ್ದರು. ಸರಿ, ಅದನ್ನೇ ಬಿಲ್ ಬುಕ್ಕಿನ ತಲೆಗೆ ಹಾಕಿಸಿದೆವು. ಪ್ಯಾಕೆಟ್ಟಿನ ಕೆಳಗೂ ಸಣ್ಣಕ್ಷರದಲ್ಲಿ ಬಂತು. ಮುಂದೆ ನಮ್ಮನ್ನು ಕಾಪಾಡಿದ್ದು ಆ ಸಣ್ಣಕ್ಷರವೇ.

2018ರ ಬೇಸಿಗೆಯಲ್ಲಿ ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನ ಒಂದು ಕಿರಾಣಿ ಅಂಗಡಿಯಲ್ಲಿ ನಮ್ಮ ಪ್ಯಾಕೆಟ್ ನೋಡಿದೆ. ಕೈಗೆ ತಗೊಂಡೆ, ನಮ್ಮದಲ್ಲ. ಅದೇ ಕೆಂಪು ಬಣ್ಣ, ಅದೇ ‘ಕಲಬುರಗಿ ಮಸಾಲಿ ಖಾರ’, ಅಕ್ಷರದ ಓರೆಯೂ ಅದೇ. ಹಿಂದೆ ತಿರುಗಿಸಿದರೆ ಬೇರೆ ಯಾರದೋ ವಿಳಾಸ. ಅಂಗಡಿಯವರು, ‘ಇದೂ ನಿಮ್ಮದೇ ಅಂತ ತಿಳಿದಿದ್ದೆ ಅಕ್ಕ, ರೇಟ್ ಕಮ್ಮಿ ಮಾಡೀರಿ ಅನ್ಕೊಂಡೆ’ ಅಂದರು. ಮನೆಗೆ ಬಂದು ಅದನ್ನು ಬಿಚ್ಚಿ ಅತ್ತಿಯ ಕೈಗೆ ಮೂಸಲು ಕೊಟ್ಟೆ. ಅವರು ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡು, ‘ಇದಕ ಬಣ್ಣ ಹಾಕ್ಯಾರವ್ವ’ ಅಂದರು. ಅವತ್ತು ಅವರು ಊಟ ಮಾಡಲಿಲ್ಲ.

ಆಮೇಲೆ ನಾನು ಮಾಡಿದ ತಪ್ಪು ಏನೆಂದರೆ, ಯಾರೋ ಹೇಳಿದರು ಅಂತ ಒಬ್ಬ ಏಜೆಂಟರ ಹತ್ತಿರ ಹೋದೆ. ಫುಡ್ ಲೈಸೆನ್ಸ್, ಜಿಎಸ್‌ಟಿ, ಟ್ರೇಡ್‌ಮಾರ್ಕ್ ಎಲ್ಲಾ ಒಂದೇ ಕಡೆ ಮಾಡಿಕೊಡುತ್ತೇವೆ ಅನ್ನುವವರು. ಯಾವ ಹೆಸರಿಗೆ ಅಂತ ಕೇಳಿದರು, ‘ಕಲಬುರಗಿ ಮಸಾಲಿ ಖಾರ’ ಅಂದೆ. ಅದು ಸಿಗುವ ಹೆಸರೋ ಅಲ್ಲವೋ ಅಂತ ಒಂದು ಮಾತೂ ಹೇಳದೆ ಹನ್ನೆರಡು ಸಾವಿರ ತಗೊಂಡು ಅರ್ಜಿ ಹಾಕಿದರು. ಸರ್ಕಾರಿ ಫೀ ಎಷ್ಟು ಅಂತ ನನಗೆ ಆಗ ಗೊತ್ತೇ ಇರಲಿಲ್ಲ. ಒಬ್ಬರೇ ವ್ಯಾಪಾರ ಮಾಡುವವರಿಗೆ, ಸ್ಟಾರ್ಟ್‌ಅಪ್‌ಗೆ, ಸಣ್ಣ ಉದ್ಯಮಕ್ಕೆ ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ, ಅಂದರೆ ಒಂದು ಗುಂಪಿನ ಮಾಲಿಗೆ, 4,500 ರೂಪಾಯಿ. ದೊಡ್ಡ ಕಂಪನಿಗಳಿಗೆ 9,000. ಇದು 2017ರ ಟ್ರೇಡ್‌ಮಾರ್ಕ್ ನಿಯಮಗಳಲ್ಲೇ ಇದೆ. ಉಳಿದದ್ದೆಲ್ಲ ಕೆಲಸ ಮಾಡಿಕೊಡುವವರ ಫೀ. ಕೆಲಸ ಮಾಡಿದರೆ ಕೊಡೋಣ, ಅದಕ್ಕೆ ನನ್ನ ತಕರಾರಿಲ್ಲ.

‘ಅರ್ಜಿ ನಂಬರ್ ಬಂತು, ಇನ್ನು ನಿಮ್ಮ ಹೆಸರು ನಿಮ್ಮದೇ’ ಅಂದರು ಏಜೆಂಟರು. ನಾವೂ ಖುಷಿಯಾಗಿ ಪ್ಯಾಕೆಟ್ ಮೇಲೆ ವೃತ್ತದೊಳಗಿನ ಆರ್ ಅಕ್ಷರ ಹಾಕಿಸಿಬಿಟ್ಟೆವು. ಇದು ಎಂಥ ದೊಡ್ಡ ತಪ್ಪು ಅಂತ ಆಮೇಲೆ ತಿಳಿಯಿತು. ಅರ್ಜಿ ಹಾಕಿದವರು, ಹಾಕದವರು ಯಾರು ಬೇಕಾದರೂ ಟಿಎಂ (ಟ್ರೇಡ್‌ಮಾರ್ಕ್) ಅಂತ ಬರೆದುಕೊಳ್ಳಬಹುದು. ವೃತ್ತದೊಳಗಿನ ಆರ್ ಮಾತ್ರ ನೋಂದಣಿ ಮುಗಿದ ಮೇಲೆಯೇ. ನೋಂದಣಿ ಆಗದೆ ಆಗಿದೆ ಅಂತ ತೋರಿಸುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 107ಕ್ಕೆ ವಿರುದ್ಧ. ಎರಡು ಸಾವಿರ ಪ್ಯಾಕೆಟ್ ಕವರ್ ಸುಟ್ಟು ಹಾಕಿದೆವು.

2019ರ ನವೆಂಬರ್ ಹೊತ್ತಿಗೆ ಸರ್ಟಿಫಿಕೇಟ್ ಬರಲಿಲ್ಲ ಅಂತ ಏಜೆಂಟರಿಗೆ ಫೋನ್ ಮಾಡಿದರೆ ಎತ್ತಲೇ ಇಲ್ಲ. ನನ್ನ ತಮ್ಮ ಮೊಬೈಲ್‌ನಲ್ಲಿ ಸರ್ಕಾರದ ವೆಬ್‌ಸೈಟ್ ತೆಗೆದು ನಮ್ಮ ಅರ್ಜಿ ನಂಬರ್ ಹಾಕಿದ. ಎರಡು ನಿಮಿಷದ ಕೆಲಸ. ‘ಅಬ್ಯಾಂಡನ್ಡ್’ ಅಂತ ಬಂತು. ಅಂದರೆ ಬಿಟ್ಟುಬಿಟ್ಟ ಅರ್ಜಿ. ಅರ್ಜಿ ನೋಡಿದ ಅಧಿಕಾರಿಗಳು ತಮ್ಮ ಆಕ್ಷೇಪ ಬರೆಯುವ ಪರೀಕ್ಷಾ ವರದಿ ಬಂದಿತ್ತು, ಅದಕ್ಕೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕಿತ್ತು, ಯಾರೂ ಕೊಡಲಿಲ್ಲ. ವರದಿ ಬರುವುದು ಇಮೇಲ್‌ಗೆ, ಅರ್ಜಿಯಲ್ಲಿ ಏಜೆಂಟರು ಕೊಟ್ಟಿದ್ದು ಅವರದೇ ಇಮೇಲ್. ನಮ್ಮ ಹೆಸರಿನ ಕಾಗದ ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಈ ಒಂದು ವಿಷಯಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಯಾರ ಕೈಲಿ ಕೆಲಸ ಕೊಟ್ಟರೂ ಅರ್ಜಿ ನಂಬರ್ ಬರೆದಿಟ್ಟುಕೊಂಡು, ವಾರಕ್ಕೊಮ್ಮೆ ನೀವೇ ಸ್ಟೇಟಸ್ ನೋಡಿ. ಅದಕ್ಕೆ ದುಡ್ಡಿಲ್ಲ, ಪಾಸ್‌ವರ್ಡ್ ಬೇಕಿಲ್ಲ.

ಆಮೇಲೆ ಪರಿಚಯದವರ ಮೂಲಕ ಒಬ್ಬ ವಕೀಲರ ಹತ್ತಿರ ಹೋದೆವು, ನಾನು ಮತ್ತು ಅತ್ತಿ. ಅವರು ಹಳೆಯ ಪರೀಕ್ಷಾ ವರದಿಯನ್ನು ವೆಬ್‌ಸೈಟಿನಿಂದಲೇ ತೆಗೆದು ಓದಿ, ಪ್ಯಾಕೆಟ್ ಕೈಯಲ್ಲಿ ಹಿಡಿದು ನೋಡಿ, ‘ಅಮ್ಮ, ಉತ್ತರ ಕೊಟ್ಟಿದ್ರೂ ಇದು ಸಿಗೋದು ಕಷ್ಟ ಇತ್ತು’ ಅಂದರು. ಸೆಕ್ಷನ್ 9ರ ಆಕ್ಷೇಪ. ಮಾಲು ಎಂಥದು, ಯಾವ ಊರಿನದು ಅಂತ ಹೇಳುವ ಮಾತನ್ನೇ ಹೆಸರಾಗಿ ಇಟ್ಟುಕೊಂಡರೆ ಅದನ್ನು ಒಬ್ಬರಿಗೇ ಕೊಡುವುದಿಲ್ಲ. ಕಲಬುರಗಿಯಲ್ಲಿ ಖಾರ ಮಾಡುವ ಯಾರಾದರೂ ‘ಕಲಬುರಗಿ ಖಾರ’ ಅಂತ ಹೇಳಿಕೊಳ್ಳಬೇಕಲ್ಲ, ಅವರ ಬಾಯಿ ಕಟ್ಟುವುದು ಹೇಗೆ? ತುಂಬಾ ವರ್ಷ ಬಳಸಿ, ಆ ಹೆಸರು ಅಂದರೆ ಇವರೇ ಅಂತ ಜನರ ಮನಸ್ಸಿನಲ್ಲಿ ಕೂತಿದ್ದರೆ ಬೇರೆ ಮಾತು. ಆದರೆ ಅದನ್ನು ಸಾಬೀತು ಮಾಡಲು ನಮ್ಮಂಥ ಸಣ್ಣವರ ಹತ್ತಿರ ಏನಿರುತ್ತದೆ?

ಅತ್ತಿಗೆ ಸಮಾಧಾನವಾಗಲಿಲ್ಲ. ‘ಹಂಗಂದ್ರ ನಮ್ಮೂರ ಹೆಸರು ಯಾರಿಗೂ ಇಲ್ಲೇನ್ರಿ?’ ಅಂತ ಕೇಳಿದರು. ಅದಕ್ಕೆ ವಕೀಲರು ತೊಗರಿಯ ಉದಾಹರಣೆ ಕೊಟ್ಟರು. ಗುಲ್ಬರ್ಗಾ ತೊಗರಿಬೇಳೆಗೆ ಅದೇ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತ್ತು. ಊರಿನ ಹೆಸರಿಗೆ ಸಿಗುವ ರಕ್ಷಣೆ ಅದು, ಅದಕ್ಕೆ ಬೇರೆಯದೇ ಕಾಯ್ದೆ ಇದೆ. ಅದು ಒಬ್ಬರದಲ್ಲ, ಈ ಭಾಗದಲ್ಲಿ ತೊಗರಿ ಬೆಳೆಯುವವರೆಲ್ಲರದು. ಬೀದರಿನ ಬಿದರಿ ಕಲೆಗೂ ಹಾಗೇ ಇದೆ, ಯಾವ ಒಬ್ಬ ಕುಶಲಕರ್ಮಿಯೂ ಬಿದರಿ ನನ್ನೊಬ್ಬನದು ಅನ್ನುವಂತಿಲ್ಲ. ಟ್ರೇಡ್‌ಮಾರ್ಕ್ ಅಂದರೆ ಒಂದು ಮನೆಯ ಗುರುತು. ಅತ್ತಿಗೆ ಇದು ತಟ್ಟನೆ ಹಿಡಿಸಿತು. ‘ಜಾತ್ರಿ ಊರಂದು, ಮನಿ ನಮ್ದು’ ಅಂದರು.

ಅಷ್ಟೊತ್ತಿಗೆ ವಕೀಲರ ಕಣ್ಣು ಪ್ಯಾಕೆಟ್ಟಿನ ಕೆಳಗಿದ್ದ ಸಣ್ಣಕ್ಷರದ ಮೇಲೆ ಬಿತ್ತು. ಇದೇನು ಅಂತ ಕೇಳಿದರು. ಅತ್ತಿ ನಾಚಿಕೊಂಡು ಹೇಳಿದರು. ವಕೀಲರು ಮತ್ತೆ ಕೇಳಿದರು, ‘ಇದನ್ನ ಯಾವಾಗಿಂದ ಹಾಕೀರಿ? ಕಾಗದ ಏನಾದರೂ ಐತೇನು?’

ಮನೆಗೆ ಬಂದು ಹುಡುಕಿದೆವು. ನಾನಾಗಿದ್ದರೆ ಹಳೆ ಬಿಲ್ ಬುಕ್ಕುಗಳನ್ನು ಎಂದೋ ರದ್ದಿಗೆ ಹಾಕಿರುತ್ತಿದ್ದೆ. ಅತ್ತಿ ಓದಿದ್ದು ನಾಲ್ಕನೇ ಕ್ಲಾಸು, ಅವರಿಗೆ ಬರೆದ ಕಾಗದ ಎಸೆಯಲು ಮನಸ್ಸು ಬರುವುದಿಲ್ಲ. ಜೋಳದ ಡಬ್ಬಿಯ ಪಕ್ಕ ಒಂದು ತಗಡಿನ ಪೆಟ್ಟಿಗೆಯಲ್ಲಿ 2016ರಿಂದ ಎಲ್ಲಾ ಬಿಲ್ ಬುಕ್ಕುಗಳ ಕಾರ್ಬನ್ ಪ್ರತಿಗಳನ್ನು ದಾರ ಕಟ್ಟಿ ಇಟ್ಟಿದ್ದರು. ಮೊದಲ ಬಿಲ್ಲಿನ ತಾರೀಖು 2016ರ ಆಗಸ್ಟ್. ಎರಡು ಕೆ.ಜಿ. ಖಾರ, ಅರ್ಧ ಕೆ.ಜಿ. ಶೇಂಗಾ ಹಿಂಡಿ. ಮೇಲೆ ಅತ್ತಿಯ ಅಡ್ಡಹೆಸರು ನೀಲಿ ಅಕ್ಷರದಲ್ಲಿ. ಜೊತೆಗೆ ಪ್ರೆಸ್ಸಿನವರು ಕವರ್ ಮಾಡಿಕೊಟ್ಟ ರಸೀದಿ, ಫುಡ್ ಲೈಸೆನ್ಸ್ ಪ್ರತಿ, ಸ್ವಸಹಾಯ ಸಂಘದ ಮೇಳದಲ್ಲಿ ಮಳಿಗೆ ಹಾಕಿದಾಗಿನ ಫೋಟೋ. ಪೆಟ್ಟಿಗೆ ನೋಡಿ ನನಗೆ ಅಳು ಬಂತು, ನಿಜವಾಗಿ.

ಎಷ್ಟೋ ಜನ, ಜಿಎಸ್‌ಟಿಯಲ್ಲಿ ಹೆಸರಿದೆ, ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಇದೆ, ಫುಡ್ ಲೈಸೆನ್ಸ್‌ನಲ್ಲಿ ಹದಿನಾಲ್ಕು ಅಂಕಿಯ ನಂಬರ್ ಇದೆ, ಇನ್ನೇನು ಬೇಕು ಅನ್ನುತ್ತಾರೆ. ಅವು ಯಾವುವೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಅದೇ ಹೆಸರಿನಲ್ಲಿ ಇನ್ನೊಬ್ಬರಿಗೂ ಅವೆಲ್ಲ ಸಿಗುತ್ತವೆ. ಆದರೆ ಆ ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ ಅನ್ನಲು ಅವು ಸಾಕ್ಷಿಯಾಗುತ್ತವೆ. ಅದಕ್ಕೇ ಅವನ್ನು ಜೋಪಾನ ಮಾಡಬೇಕು.

ಅರ್ಜಿಗೆ ಮುಂಚೆ ಹುಡುಕಾಟ. ಸರ್ಕಾರದ ವೆಬ್‌ಸೈಟಿನಲ್ಲೇ ಯಾರು ಬೇಕಾದರೂ ಹುಡುಕಬಹುದು. ಅಕ್ಷರ ಒಂದೇ ಇದ್ದರಷ್ಟೇ ಅಲ್ಲ, ಕಿವಿಗೆ ಒಂದೇ ತರಹ ಕೇಳುವ ಹೆಸರನ್ನೂ ನೋಡಬೇಕು. ನಾವು ಕೂಗಿ ಕೇಳುವ ಜನ, ಅಂಗಡಿಯಲ್ಲಿ ಓದಿ ತಗೊಳ್ಳುವವರು ಕಮ್ಮಿ, ಕೇಳಿ ತಗೊಳ್ಳುವವರೇ ಜಾಸ್ತಿ. ಇನ್ನು ಮಾಲುಗಳನ್ನು 45 ವರ್ಗ ಮಾಡಿದ್ದಾರೆ, 1ರಿಂದ 34 ವಸ್ತುಗಳಿಗೆ, ಉಳಿದವು ಸೇವೆಗಳಿಗೆ. ಮಸಾಲೆ, ಚಟ್ನಿ, ಹಿಟ್ಟು, ರೊಟ್ಟಿ ಎಲ್ಲಾ 30ರಲ್ಲಿ ಬರುತ್ತವೆ. ನಮ್ಮ ಪುಣ್ಯ, ಒಂದೇ ವರ್ಗದ ಫೀ ಸಾಕಾಯಿತು.

ಬರೀ ಹೆಸರಿಗೆ ಹಾಕಬೇಕೋ, ಬಣ್ಣ ಚಿತ್ರ ಇರುವ ಪ್ಯಾಕೆಟ್ ಲೇಬಲ್‌ಗೋ ಅಂತ ಬಹಳ ಚರ್ಚೆ ಆಯಿತು. ಎರಡಕ್ಕೂ ಹಾಕಿದರೆ ಎರಡು ಅರ್ಜಿ, ಎರಡು ಫೀ. ವಕೀಲರು ಮೊದಲು ಹೆಸರಿಗೆ ಹಾಕಿ ಅಂದರು. ಹೆಸರು ಉಳಿದರೆ ನಾಳೆ ನೀವು ಪ್ಯಾಕೆಟ್ ಹಳದಿ ಮಾಡಿದರೂ ನಡೆಯುತ್ತದೆ, ಬರೀ ಲೇಬಲ್ ಇದ್ದರೆ ಆ ರೂಪವನ್ನೇ ಹಿಡಿದುಕೊಂಡು ಕೂರಬೇಕು. ನಮ್ಮದು ಕನ್ನಡದ ಹೆಸರು. ಕನ್ನಡ ಲಿಪಿಯಲ್ಲಿ ಹಾಕಿದರೆ ಅದನ್ನು ಹಿಂದಿ ಇಲ್ಲವೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅರ್ಥವನ್ನೂ ಕೊಡಬೇಕು. ಅರ್ಥವಿಲ್ಲದ ಹೆಸರಿಗೆ ಅರ್ಥ ಏನಂತ ಬರೆಯೋದು ಅಂತ ನಾನು ಗಾಬರಿಯಾದೆ. ವಕೀಲರು, ‘ಅರ್ಥ ಇಲ್ಲ ಅಂತಲೇ ಬರೀತೀನಿ, ಅದೇ ನಿಮ್ಮ ಬಲ’ ಅಂದರು. ಅರ್ಥವಿಲ್ಲದ ಹೆಸರು ಬೇರೆ ಯಾರಿಗೂ ಬೇಕಾಗಿರುವುದಿಲ್ಲ. ಅದನ್ನು ಯಾರಾದರೂ ಇಟ್ಟರೆ ನಮ್ಮನ್ನು ನೋಡಿಯೇ ಇಟ್ಟಿದ್ದಾರೆ ಅಂತಾಯಿತು.

ಬಳಕೆಯ ತಾರೀಖಿನ ಹತ್ತಿರ ಅತ್ತಿಗೂ ವಕೀಲರಿಗೂ ಸ್ವಲ್ಪ ಜಗ್ಗಾಟವಾಯಿತು. ‘ನಾ ಲಗ್ನ ಆಗಿ ಬಂದಾಗಿಂದ ಖಾರ ಕುಟ್ಟೀನಿ, ಮೂವತ್ತು ವರ್ಷ ಅಂತ ಬರೀರಿ’ ಅಂತ ಅತ್ತಿ. ವಕೀಲರು ಒಪ್ಪಲಿಲ್ಲ. ಹಿಂದಿನಿಂದ ಬಳಸುತ್ತಿದ್ದೇವೆ ಅಂತ ಹೇಳಿದರೆ ಅದಕ್ಕೆ ಪ್ರಮಾಣಪತ್ರ, ಅಂದರೆ ಅಫಿಡವಿಟ್ ಕೊಡಬೇಕು, ಜೊತೆಗೆ ಪುರಾವೆ ಲಗತ್ತಿಸಬೇಕು. ಪ್ರಮಾಣ ಮಾಡಿ ಹೇಳುವ ಮಾತು ಅದು. ಒಮ್ಮೆ ಬರೆದ ತಾರೀಖನ್ನು ಆಮೇಲೆ ಬದಲಾಯಿಸುವುದೂ ಸುಲಭವಲ್ಲ. ಕಾಗದ ಎಲ್ಲಿಂದ ಶುರುವಾಗುತ್ತದೋ ಅಲ್ಲಿಂದಲೇ ಲೆಕ್ಕ ಅಂದರು. ಕೊನೆಗೆ ಆ ಮೊದಲ ಬಿಲ್ಲಿನ ತಾರೀಖೇ ಹೋಯಿತು.

2020ರ ಫೆಬ್ರವರಿಯಲ್ಲಿ ಅರ್ಜಿ ಹಾಕಿದೆವು, ಟಿಎಂ-ಎ ಅನ್ನುವ ಫಾರಂ. ಈ ಸಲ ಇಮೇಲ್ ಕಾಲಂನಲ್ಲಿ ವಕೀಲರ ಜೊತೆ ನಮಗೂ ಪ್ರತಿ ಬರುವ ಹಾಗೆ ಮಾಡಿಸಿಕೊಂಡೆ. ಕರ್ನಾಟಕದ ಅರ್ಜಿಗಳು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಚೆನ್ನೈ ಕಚೇರಿಗೆ ಹೋಗುತ್ತವೆ. ಮುಂಬೈ, ದೆಹಲಿ, ಕೋಲ್ಕತ್ತ, ಅಹಮದಾಬಾದ್ ಮತ್ತು ಚೆನ್ನೈ, ಇಷ್ಟೇ ಕಡೆ ಈ ರಿಜಿಸ್ಟ್ರಿ ಇರುವುದು. ಮುಂಬೈ–ಚೆನ್ನೈ ರೈಲು ಮಾರ್ಗ ನಮ್ಮೂರ ಮೇಲೇ ಹೋಗುತ್ತದೆ, ಬೇಕಾದರೆ ಹೋಗಿ ಬರೋಣ ಅಂತ ಅತ್ತಿ ತಯಾರಾಗಿದ್ದರು. ಒಮ್ಮೆಯೂ ಹೋಗುವ ಪ್ರಸಂಗ ಬರಲಿಲ್ಲ.

ಮುಂದಿನ ತಿಂಗಳೇ ಕೊರೊನಾ, ಲಾಕ್‌ಡೌನ್. ಅದರ ಬಗ್ಗೆ ಏನು ಬರೆಯಲಿ, ಎಲ್ಲರೂ ಕಂಡದ್ದೇ.

ಪರೀಕ್ಷಾ ವರದಿ ಬಂದಾಗ ಈ ಸಲ ಸೆಕ್ಷನ್ 9 ಇರಲಿಲ್ಲ. ಸೆಕ್ಷನ್ 11 ಇತ್ತು, ಅಂದರೆ ಮೊದಲೇ ಇರುವ ಇನ್ನೊಂದು ಹೆಸರನ್ನು ಹೋಲುತ್ತದೆ ಅನ್ನುವ ಆಕ್ಷೇಪ. ಬೇರೆ ರಾಜ್ಯದ ಒಬ್ಬರು ಬಿಸ್ಕತ್ತಿಗೆ ಅಂತ ನಮ್ಮ ಹೆಸರಿಗೆ ಹತ್ತಿರ ಕೇಳಿಸುವ ಒಂದು ಹೆಸರಿಗೆ 2017ರಲ್ಲಿ ಅರ್ಜಿ ಹಾಕಿದ್ದರು, ಅದೂ 30ನೇ ವರ್ಗವೇ. ನಮ್ಮ ಹುಡುಕಾಟದಲ್ಲಿ ಅದು ತಪ್ಪಿಹೋಗಿತ್ತು. ಎದೆ ಧಸಕ್ ಅಂತು. ವಕೀಲರು ಮಾತ್ರ ಆರಾಮಾಗಿದ್ದರು. ಬಿಸ್ಕತ್ತಿನವರು 2017ರಲ್ಲಿ ಹಾಕಿದ ಅರ್ಜಿಯಲ್ಲಿ ಇನ್ನು ಮುಂದೆ ಬಳಸುತ್ತೇವೆ ಅಂತ ಇದೆ, ನಮ್ಮ ಬಿಲ್ಲು 2016ರ ಆಗಸ್ಟಿನದು, ಮಾಲೂ ಬೇರೆ. ತಿಂಗಳೊಳಗೆ ಉತ್ತರ ಹೋಯಿತು. ಅಷ್ಟಕ್ಕೇ ಒಪ್ಪಲಿಲ್ಲ, ಹಿಯರಿಂಗ್ ಇಟ್ಟರು.

ಹಿಯರಿಂಗ್ 2021ರ ಸೆಪ್ಟೆಂಬರ್‌ನಲ್ಲಿ, ವಿಡಿಯೋ ಮೂಲಕ. ವಕೀಲರ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ನಾವೂ ಹಿಂದೆ ಕೂತಿದ್ದೆವು. ಅತ್ತಿ ಇಳಕಲ್ ಸೀರೆ ಉಟ್ಟು ಬಂದಿದ್ದರು, ಕೋರ್ಟಿಗೆ ಹೋದ ಹಾಗೆ. ಎಲ್ಲಾ ಹತ್ತು ನಿಮಿಷದ ಮಾತು. ಅಧಿಕಾರಿ ಕೇಳಿದ್ದು ಒಂದೇ, 2016ರ ಬಳಕೆಗೆ ಏನು ಆಧಾರ ಅಂತ. ವಕೀಲರು ಲಗತ್ತಿಸಿದ ಬಿಲ್ಲಿನ ಪುಟ ತೋರಿಸಿದರು. ನಂತರ 2017, 2018, 2019ರ ಬಿಲ್ಲುಗಳು, ನಡುವೆ ಒಂದು ತಿಂಗಳೂ ಬಿಟ್ಟಿಲ್ಲ. ಬಿಲ್ಲಿನ ನಂಬರುಗಳು ಒಂದಾದ ಮೇಲೆ ಒಂದು ಸಾಲಾಗಿ ಇದ್ದವು. ಸುಳ್ಳು ಬಿಲ್ಲು ಆಮೇಲೆ ಬರೆದರೆ ಆ ಸಾಲು ಹಾಗೆ ಕೂರುವುದಿಲ್ಲ ಅಂತ ವಕೀಲರು ಹೊರಗೆ ಬಂದ ಮೇಲೆ ಹೇಳಿದರು.

ಒಪ್ಪಿಗೆ ಬಂತು. 2022ರ ಜನವರಿಯಲ್ಲಿ ನಮ್ಮ ಹೆಸರು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಪ್ರತಿ ಸೋಮವಾರ ಬರುವ ಜರ್ನಲ್ ಅದು, ಯಾರು ಬೇಕಾದರೂ ನೋಡಬಹುದು. ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರಿಗಾದರೂ ತಕರಾರು ಇದ್ದರೆ ಹಾಕಬಹುದು. ಆ ನಾಲ್ಕು ತಿಂಗಳು ನಮಗೆ ಫೋನ್ ಸದ್ದಾದರೆ ಭಯ. ತಕರಾರು ಬರಲಿಲ್ಲ. ಬಂದದ್ದು ಬೇರೆ, ನೋಡಿದರೆ ಸರ್ಕಾರದ್ದೇ ಅನ್ನಿಸುವ ಕಾಗದಗಳು. ಪ್ರಕಟಣೆ ಶುಲ್ಕ ಕಟ್ಟಿ, ಇಷ್ಟು ಸಾವಿರ, ಇಷ್ಟು ದಿನದಲ್ಲಿ. ಜರ್ನಲ್‌ನಲ್ಲಿ ನಮ್ಮ ವಿಳಾಸವೂ ಬರುತ್ತದಲ್ಲ, ಅದನ್ನು ನೋಡಿ ಕಳಿಸುತ್ತಾರೆ. ಪ್ರಕಟಣೆಗೆ ಬೇರೆ ಶುಲ್ಕವೇ ಇಲ್ಲ. ದಯವಿಟ್ಟು ಅಂಥದಕ್ಕೆ ಒಂದು ರೂಪಾಯಿಯೂ ಕಟ್ಟಬೇಡಿ.

2022ರ ಆಗಸ್ಟ್‌ನಲ್ಲಿ ಸರ್ಟಿಫಿಕೇಟ್ ಇಮೇಲ್‌ಗೆ ಬಂತು. ಪ್ರಿಂಟ್ ತೆಗೆಸಿ, ಅತ್ತಿ ಅದನ್ನು ಶರಣಬಸವೇಶ್ವರ ಗುಡಿಗೆ ತಗೊಂಡು ಹೋಗಿ ಗದ್ದುಗೆಗೆ ಮುಟ್ಟಿಸಿಕೊಂಡು ಬಂದರು. ಅರ್ಜಿ ಹಾಕಿದ ದಿನದಿಂದಲೇ ಹತ್ತು ವರ್ಷ ಲೆಕ್ಕ. ಅಂದರೆ ನಮ್ಮದು 2030ರ ಫೆಬ್ರವರಿವರೆಗೆ, ಆಮೇಲೆ ಮತ್ತೆ ಹತ್ತು ವರ್ಷಕ್ಕೆ ನವೀಕರಣ. ಆನ್‌ಲೈನ್‌ನಲ್ಲಿ ಅದರ ಫೀ 9,000.

ಕಾಗದ ಸಿಕ್ಕಿದ್ದಕ್ಕೆ ಕೆಲಸ ಮುಗಿಯಲಿಲ್ಲ. ಮಾರನೇ ವರ್ಷ ಪಕ್ಕದ ತಾಲ್ಲೂಕಿನಲ್ಲಿ ಒಬ್ಬರು ನಮ್ಮ ಹೆಸರಿನ ಒಂದೇ ಅಕ್ಷರ ಬದಲಿಸಿ ಖಾರ ಮಾರುತ್ತಿದ್ದದ್ದು ಗೊತ್ತಾಯಿತು. ಆನ್‌ಲೈನ್ ಮಳಿಗೆಯಲ್ಲೂ ಹಾಕಿದ್ದರು. ಆನ್‌ಲೈನ್‌ನದು ಬೇಗ ಹೋಯಿತು. ನೋಂದಣಿ ನಂಬರ್ ಹಾಕಿ ದೂರು ಕೊಟ್ಟೆ, ಒಂದು ವಾರದಲ್ಲಿ ತೆಗೆದರು. ಅಂಗಡಿಗಳದು ಹಾಗಾಗಲಿಲ್ಲ. ವಕೀಲರ ಮೂಲಕ ನೋಟಿಸ್ ಕಳಿಸಿದೆವು. ನಿಮಗಿಂತ ಮುಂಚಿನಿಂದ ನಾವೇ ಈ ಹೆಸರು ಬಳಸುತ್ತಿದ್ದೇವೆ ಅಂತ ಉತ್ತರ ಬಂತು. ಕಾನೂನಿನಲ್ಲಿ ಅದಕ್ಕೂ ಜಾಗ ಇದೆ. ನಿಜವಾಗಿ ಮುಂಚಿನಿಂದ ಬಿಡದೆ ಬಳಸುತ್ತಿದ್ದವರನ್ನು ಆಮೇಲೆ ನೋಂದಣಿ ಮಾಡಿಸಿಕೊಂಡವರು ತಡೆಯುವಂತಿಲ್ಲ, ಸೆಕ್ಷನ್ 34. ನನಗೆ ಇದು ನ್ಯಾಯ ಅನ್ನಿಸುತ್ತದೆ. ನಮ್ಮನ್ನೂ ಅದೇ ವಾದವೇ ಅಲ್ವಾ ಪಾರು ಮಾಡಿದ್ದು? ಹಾಗಾದರೆ ಬಿಲ್ಲು ತೋರಿಸಿ ಅಂದೆವು. ಅವರ ಹತ್ತಿರ ಇದ್ದ ಹಳೆಯ ಕಾಗದ 2022ರದು.

ಕೋರ್ಟಿಗೆ ಹೋಗಿದ್ದರೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಇಂಥ ದಾವೆ ನಡೆಯುವುದಿಲ್ಲ. ಆದರೆ ನಾವು ವ್ಯಾಪಾರ ಮಾಡುವ ಊರಿನಲ್ಲೇ, ಅಂದರೆ ಕಲಬುರಗಿಯಲ್ಲೇ ಹಾಕಬಹುದಿತ್ತು. ನೋಂದಣಿ ಆದವರಿಗೆ ಸೆಕ್ಷನ್ 134 ಈ ಅನುಕೂಲ ಕೊಡುತ್ತದೆ. ಆ ಮಾತು ತಿಳಿದ ಮೇಲೆ ಅವರು ಮಾತುಕತೆಗೆ ಬಂದರು. ಬಂದವರು ಗಂಡ ಹೆಂಡತಿ, ನಮ್ಮ ಹಾಗೇ ಮನೆಯಲ್ಲಿ ಮಾಡುವವರು, ಜೊತೆಗೆ ಸಣ್ಣ ಮಗು. ನನಗೆ ಸಿಟ್ಟಿತ್ತು, ಒಂದು ವಾರದಲ್ಲಿ ಎಲ್ಲಾ ಪ್ಯಾಕೆಟ್ ಸುಡಿ ಅನ್ನಬೇಕು ಅಂತಿದ್ದೆ. ಅತ್ತಿ ಆ ಹೆಂಗಸಿಗೆ ಚಹಾ ಕೊಟ್ಟು, ‘ನಿನಗ ನಿಮ್ಮ ಮನ್ಯಾಗ ಏನಂತ ಕರೀತಾರವ್ವ?’ ಅಂತ ಕೇಳಿದರು. ಆಕೆ ಹೇಳಿದಳು. ‘ಅದನ್ನ ಹಾಕು. ಚಂದ ಐತಿ’ ಅಂದರು. ಹಳೆ ಕವರ್ ಮುಗಿಸಲು ಒಂದು ತಿಂಗಳು ಕೊಟ್ಟು, ಛಾಪಾ ಕಾಗದದ ಮೇಲೆ ಬರೆಸಿಕೊಂಡೆವು. ಆಕೆ ಹಾಗೇ ಮಾಡಿದಳು, ಈಗ ಆಕೆಯ ಹಿಂಡಿ ಚೆನ್ನಾಗಿ ಹೋಗುತ್ತಿದೆ.

ಈಗ ಸೋಮವಾರ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಜರ್ನಲ್‌ನಲ್ಲಿ 30ನೇ ವರ್ಗದ ಪುಟಗಳನ್ನು ನೋಡುತ್ತೇನೆ. ನಮ್ಮ ಹೆಸರಿನ ಹಾಗೆ ಕೇಳಿಸುವುದು ಕಂಡರೆ ಆ ನಾಲ್ಕು ತಿಂಗಳೊಳಗೇ ತಕರಾರು ಹಾಕುವುದು ಸುಲಭ, ಫೀ 2,700. ಇಲ್ಲಿಯವರೆಗೆ ಅಂಥದ್ದು ಸಿಕ್ಕಿಲ್ಲ.

ಈ ವರ್ಷದಿಂದ ತೊಗರಿಬೇಳೆಯನ್ನೂ ಪ್ಯಾಕ್ ಮಾಡಲು ಶುರು ಮಾಡಿದ್ದೇವೆ. ಬೇಳೆ 30ರಲ್ಲಿ ಬರುವುದಿಲ್ಲ, ಸಂಸ್ಕರಿಸಿದ ಬೇಳೆ 29ಕ್ಕೆ ಹೋಗುತ್ತದೆ. ಅದಕ್ಕೇ ಮತ್ತೊಂದು ಅರ್ಜಿ, ಮತ್ತೆ 4,500. ಮೊದಲ ಐದು ಕೆ.ಜಿ. ಮಾರಿದ ದಿನ ಬಿಲ್ಲನ್ನು ಅತ್ತಿ ತಾವೇ ಬರೆದರು. ಬರೆದು, ಕಾರ್ಬನ್ ಪ್ರತಿ ಬೆಳಕಿಗೆ ಹಿಡಿದು, ‘ತಾರೀಖ ಕಾಣಸ್ತದೇನವ್ವ ನೋಡು’ ಅಂತ ನನ್ನ ಕೈಗೆ ಕೊಟ್ಟರು.